ಅವಧಾನವೂ ಧಾರಣವೂ: ದೃಷ್ಟಿಯ ನಿಯೋಗವು ಕಾರ್ಯಸ್ಮೃತಿಯನ್ನು ಆಳುವ ಬಗೆ

೧. ವಿಷಯೋಪಕ್ರಮ

ವಿದ್ವತ್ಸಭೆಗಳಲ್ಲಿ ನಡೆಯುವ ಅಷ್ಟಾವಧಾನ ಶತಾವಧಾನಗಳನ್ನು ಕಂಡು ಬಂದವರು ಸಾಮಾನ್ಯವಾಗಿ ಅವಧಾನಿಯ ಜ್ಞಾಪಕಶಕ್ತಿಯನ್ನೇ ಕೊಂಡಾಡುವರು. ಆದರೆ ಆ ಕಲೆಗೆ ಹಿರಿಯರು ಇಟ್ಟ ಹೆಸರು ಸ್ಮರಣವೆಂದಲ್ಲ, ಧಾರಣವೆಂದೂ ಅಲ್ಲ; ಅವಧಾನವೆಂದು. ಅವಧಾನಿಯು ತುಂಡುತುಂಡಾಗಿ ಹೇಳಿದ ಪದ್ಯಗಳನ್ನು ಸಭೆಯ ಕೊನೆಯಲ್ಲಿ ಒಟ್ಟುಗೂಡಿಸಿ ಒಪ್ಪಿಸುವ ಭಾಗಕ್ಕೆ ಮಾತ್ರ ಧಾರಣವೆಂಬ ಹೆಸರು ಸಲ್ಲುವುದು. ಇಡಿಯ ಕಲೆಗೆ ಮನಸ್ಸಿನ ಏಕಾಗ್ರನಿಯೋಗದ ಹೆಸರೂ, ಅದರ ಅಂತ್ಯಭಾಗಕ್ಕೆ ಮಾತ್ರ ನೆನಪಿನ ಹೆಸರೂ ಬಂದಿರುವುದು ಆಕಸ್ಮಿಕವೇ, ಅಥವಾ ಇದರಲ್ಲಿ ಒಂದು ಸಿದ್ಧಾಂತವು ಅಡಗಿರುವುದೇ ಎಂಬುದು ವಿಚಾರಾರ್ಹವಾದ ವಿಷಯ.

ಪ್ರಕೃತ ಲೇಖನದ ಪ್ರತಿಜ್ಞೆಯು ಇಷ್ಟೆ: ಅಲ್ಪಕಾಲ ಮಾತ್ರ ನಿಲ್ಲುವ ಸ್ಮೃತಿಯಿಂದ ನಾವು ಏನನ್ನು ಹಿಂದಕ್ಕೆ ಪಡೆಯಬಲ್ಲೆವು ಎಂಬುದು ಅವಧಾನವನ್ನು, ಅದರಲ್ಲಿಯೂ ದೃಷ್ಟಿಯ ಅವಧಾನವನ್ನು, ಎಲ್ಲಿ ನಿಲ್ಲಿಸಿದೆವು ಎಂಬುದನ್ನು ಬಹುವಾಗಿ ಅವಲಂಬಿಸಿರುವುದು, ಮತ್ತು ಈ ಅವಲಂಬನವು ವಸ್ತುವನ್ನು ಕಾಣುವ ಕ್ಷಣದಲ್ಲಿ ಮಾತ್ರವಲ್ಲದೆ, ವಸ್ತುವು ಮರೆಯಾದ ಮೇಲೆಯೂ ಉಂಟು. ಇದನ್ನು ಮೊದಲು ಶಾಸ್ತ್ರದಿಂದಲೂ, ಅನಂತರ ಆಧುನಿಕ ಪ್ರಯೋಗಗಳಿಂದಲೂ ನಿರೂಪಿಸಿ, ಬಳಿಕ ಅವಧಾನಕಲೆಗೂ, ಓಲೆಯ ಪ್ರತಿಗಳನ್ನು ಪರಿಶೋಧಿಸುವ ವಿದ್ವಾಂಸರ ಕಾರ್ಯಕ್ಕೂ, ಪಾಠಶಾಲೆಯ ಉಪಾಧ್ಯಾಯರ ಕಾರ್ಯಕ್ಕೂ ಅನ್ವಯಿಸಿ ತೋರಿಸಲಾಗುವುದು.

ಇಲ್ಲಿ ‘ಕಾರ್ಯಸ್ಮೃತಿ’ ಎಂಬ ಪದಕ್ಕೆ ಅರ್ಥವನ್ನು ಮೊದಲೇ ನಿಷ್ಕರ್ಷೆಮಾಡಿಕೊಳ್ಳುವುದು ಯುಕ್ತ. ಬಾಲ್ಯದಲ್ಲಿ ಕಲಿತ ಅಮರಕೋಶವು ಮುಪ್ಪಿನಲ್ಲಿ ನೆನಪಿಗೆ ಬರುವುದು ದೀರ್ಘಕಾಲದ ಸ್ಮೃತಿ. ಮನಸ್ಸಿನಲ್ಲಿಯೇ ಗುಣಾಕಾರಮಾಡುವಾಗ ‘ಕೈಯಲ್ಲಿ ಎರಡು’ ಎಂದು ಹಿಡಿದಿರುವುದೂ, ಉಕ್ತಲೇಖನದಲ್ಲಿ ವಾಕ್ಯದ ಮೊದಲ ಭಾಗವನ್ನು ಬರೆಯುತ್ತ ಕೊನೆಯ ಭಾಗವನ್ನು ಕಾಪಾಡಿಕೊಂಡಿರುವುದೂ ಬೇರೊಂದು ಬಗೆಯದು. ಮಾಡುತ್ತಿರುವ ಕೆಲಸಕ್ಕೆ ಬೇಕಾದಷ್ಟನ್ನು ಬೇಕಾದಷ್ಟು ಹೊತ್ತು ಮಾತ್ರ ಹಿಡಿದು, ಕೆಲಸ ತೀರಿದೊಡನೆ ಬಿಟ್ಟುಬಿಡುವ ಈ ಸ್ಮೃತಿಯೇ ಕಾರ್ಯಸ್ಮೃತಿ. ೧೯೭೪ರಲ್ಲಿ ಬ್ಯಾಡ್‌ಲಿ ಮತ್ತು ಹಿಚ್ ಎಂಬ ಆಂಗ್ಲ ಮನಶ್ಶಾಸ್ತ್ರಜ್ಞರು ಇದರ ಅಂಗಗಳನ್ನು ವಿಂಗಡಿಸಿದರು: ಕಂಡ ರೂಪಗಳನ್ನೂ ಸ್ಥಾನಗಳನ್ನೂ ಹಿಡಿಯುವ ಫಲಕವೊಂದು, ಕೇಳಿದ ಶಬ್ದಗಳನ್ನು ಒಳಗೇ ಆವರ್ತಿಸಿ ಉಳಿಸುವ ಭಾಗವೊಂದು, ಇವೆರಡಕ್ಕೂ ಅವಧಾನವನ್ನು ಹಂಚುವ ಅಧ್ಯಕ್ಷಸ್ಥಾನವೊಂದು.

೨. ಶಾಸ್ತ್ರದ ದೃಷ್ಟಿ

ಈ ವಿಚಾರವು ನಮ್ಮ ನಾಡಿಗೆ ಹೊಸತಲ್ಲ. ವಿರೂಪಾಕ್ಷಿಪುರವನ್ನೊಳಗೊಂಡ ಚನ್ನಪಟ್ಟಣದ ತಾಲ್ಲೂಕಿನಲ್ಲಿಯೇ ಬ್ರಹ್ಮಣ್ಯತೀರ್ಥರ ಬೃಂದಾವನವಿರುವ ಅಬ್ಬೂರು ಇರುವುದು. ಅವರ ಶಿಷ್ಯರಾದ ವ್ಯಾಸತೀರ್ಥರು ನ್ಯಾಯಮತವನ್ನು ‘ತರ್ಕತಾಂಡವ’ದಲ್ಲಿ ಸೂಕ್ಷ್ಮವಾಗಿ ವಿಮರ್ಶಿಸಿರುವುದನ್ನು ವಿದ್ವಾಂಸರು ಬಲ್ಲರು. ಆ ನ್ಯಾಯಮತದಲ್ಲಿ ಮನಸ್ಸು ಅಣುಪರಿಮಾಣವುಳ್ಳದ್ದು. ಆದುದರಿಂದ ಏಕಕಾಲದಲ್ಲಿ ಅನೇಕ ಜ್ಞಾನಗಳು ಹುಟ್ಟಲಾರವು. ಅನೇಕವು ಒಟ್ಟಿಗೇ ಹುಟ್ಟಿದಂತೆ ತೋರಿದರೆ, ನೂರು ಕಮಲದಳಗಳನ್ನು ಒಂದೇ ಸೂಜಿಯು ಒಮ್ಮೆಗೇ ಭೇದಿಸಿದಂತೆ ತೋರುವ ಹಾಗೆ, ಅದು ಶೀಘ್ರಕ್ರಮದಿಂದ ಉಂಟಾದ ಭ್ರಾಂತಿಯೆಂದು ಸಮಾಧಾನ ಹೇಳುವರು.

ಪ್ರಕೃತಕ್ಕೆ ಇದಕ್ಕಿಂತಲೂ ಉಪಯುಕ್ತವಾದುವು ಎರಡು ಸ್ಥಳಗಳು. ಮೊದಲನೆಯದು ಪ್ರಶಸ್ತಪಾದರ ಪದಾರ್ಥಧರ್ಮಸಂಗ್ರಹದಲ್ಲಿ ಭಾವನೆಯೆಂಬ ಸಂಸ್ಕಾರವನ್ನು ಹೇಳುವ ಪ್ರಕರಣ. ಸ್ಮೃತಿಗೆ ಕಾರಣವಾದ ಸಂಸ್ಕಾರವು ಪಟುವಾದ ಅನುಭವದಿಂದಲೂ, ಅಭ್ಯಾಸದಿಂದಲೂ, ಆದರದಿಂದಲೂ ಅತಿಶಯವನ್ನು ಹೊಂದುವುದೆಂದು ಅಲ್ಲಿ ಹೇಳಿದೆ. ದಕ್ಷಿಣದೇಶದವನು ಒಂಟೆಯನ್ನು ಕಂಡಾಗ ಆಗುವ ಅಚ್ಚರಿಯು ಪಟುಪ್ರತ್ಯಯಕ್ಕೆ ಉದಾಹರಣೆ. ಆದರಪ್ರತ್ಯಯದ ವಿವರಣೆಯು ನಮಗೆ ಮುಖ್ಯವಾದುದು: ಹಿಂದೆ ಕಾಣದ ವಸ್ತುವನ್ನು ಕಾಣಬೇಕೆಂಬ ಇಚ್ಛೆಯುಳ್ಳವನು ಪ್ರಯತ್ನಪೂರ್ವಕವಾಗಿ ಮನಸ್ಸನ್ನು ಕಣ್ಣಿನಲ್ಲಿ ನಿಲ್ಲಿಸಿಕೊಂಡಿರಲು, ಮಿಂಚು ಹೊಳೆದಂತೆ ಆಗುವ ದರ್ಶನದಿಂದ ಸಂಸ್ಕಾರವು ಅತಿಶಯವಾಗುವುದು, ದೇವಸರೋವರದಲ್ಲಿ ಚಿನ್ನದ ಮತ್ತು ಬೆಳ್ಳಿಯ ಕಮಲಗಳನ್ನು ಕಂಡವನಿಗೆ ಆಗುವಂತೆ ಎಂದು ಆಚಾರ್ಯರ ಅಭಿಪ್ರಾಯ. ಇಲ್ಲಿ ಕಣ್ಣು ತೆರೆದಿರುವುದು ಸಾಲದು, ಮನಸ್ಸನ್ನು ಕಣ್ಣಿನಲ್ಲಿ ಇರಿಸಬೇಕು ಎಂಬ ವಿವೇಕವು ಸ್ಪಷ್ಟವಾಗಿದೆ. ದರ್ಶನವು ಮಿಂಚಿನಷ್ಟು ಅಲ್ಪಕಾಲದ್ದಾದರೂ ಅದಕ್ಕೆ ಮೊದಲೇ ಸಿದ್ಧವಾಗಿದ್ದ ಅವಧಾನವು ಅದನ್ನು ಗಟ್ಟಿಗೊಳಿಸುವುದು.

ಎರಡನೆಯ ಸ್ಥಳವು ಗೌತಮನ ನ್ಯಾಯಸೂತ್ರದ ಮೂರನೆಯ ಅಧ್ಯಾಯದಲ್ಲಿ ಸ್ಮೃತಿಯ ನಿಮಿತ್ತಗಳನ್ನು ಎಣಿಸುವ ಸೂತ್ರ. ಅಲ್ಲಿ ಹೇಳಿದ ಇಪ್ಪತ್ತೇಳು ನಿಮಿತ್ತಗಳಲ್ಲಿ ಅಭ್ಯಾಸ, ಸಾದೃಶ್ಯ, ಸುಖ, ದುಃಖ, ಭಯ ಮೊದಲಾದುವೆಲ್ಲ ಇದ್ದರೂ ಪ್ರಥಮಸ್ಥಾನವು ಪ್ರಣಿಧಾನಕ್ಕೆ ಸಂದಿದೆ. ನೆನೆಯಬೇಕೆಂಬ ಇಚ್ಛೆಯಿಂದ ಮನಸ್ಸನ್ನು ಒಂದೆಡೆ ನಿಲ್ಲಿಸುವುದೇ ಪ್ರಣಿಧಾನವೆಂದು ವಾತ್ಸ್ಯಾಯನಭಾಷ್ಯವು ವಿವರಿಸುವುದು. ಎರಡನೆಯ ನಿಮಿತ್ತವಾದ ನಿಬಂಧಕ್ಕೆ ಭಾಷ್ಯಕಾರರು ಹೇಳುವ ಅರ್ಥಗಳಲ್ಲಿ ಒಂದು ಬಹು ಗಮನಾರ್ಹವಾದುದು: ಧಾರಣಾಶಾಸ್ತ್ರದವರು ಪರಿಚಿತವಾದ ವಸ್ತುಗಳ ಮೇಲೆ ನೆನಪಿಡಬೇಕಾದುವನ್ನು ಒಂದೊಂದಾಗಿ ಇರಿಸುವರೆಂಬುದು. ಅಂದರೆ ಸ್ಥಾನವನ್ನು ಆಶ್ರಯಿಸಿ ನೆನೆಯುವ ಪದ್ಧತಿಯು ಭಾಷ್ಯಕಾರರ ಕಾಲಕ್ಕೇ ಒಂದು ಶಾಸ್ತ್ರವಾಗಿ ನೆಲೆಗೊಂಡಿತ್ತು.

ಈ ಎರಡು ಸ್ಥಳಗಳನ್ನು ಒಟ್ಟಿಗೆ ನೋಡಿದರೆ, ಅವಧಾನಕ್ಕೆ ಎರಡು ಬಾಗಿಲುಗಳಲ್ಲಿ ಕೆಲಸವಿರುವುದು ತಿಳಿಯುವುದು. ಪ್ರಶಸ್ತಪಾದರು ಹೇಳಿದುದು ಒಳಹೋಗುವ ಬಾಗಿಲಿನ ಅವಧಾನ. ವಾತ್ಸ್ಯಾಯನರು ಹೇಳಿದುದು ಹೊರಬರುವ ಬಾಗಿಲಿನ ಅವಧಾನ. ಶಾಸ್ತ್ರಕಾರರು ಚಿರಕಾಲ ನಿಲ್ಲುವ ಸಂಸ್ಕಾರವನ್ನೇ ಮುಖ್ಯವಾಗಿ ಉದ್ದೇಶಿಸಿದ್ದರೆಂಬುದು ನಿಜ. ಕೆಲವು ಕ್ಷಣಗಳ ಸ್ಮೃತಿಯಲ್ಲಿಯೂ ಈ ದ್ವಿವಿಧವಾದ ವ್ಯಾಪಾರವಿದೆಯೇ ಎಂಬುದನ್ನು ಪ್ರಯೋಗದಿಂದಲೇ ನಿರ್ಣಯಿಸಬೇಕು.

೩. ಪ್ರಯೋಗಗಳ ಸಾಕ್ಷ್ಯ

ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ಮಹಾವಿಜ್ಞಾನಿಯು ಕತ್ತಲೆಯಲ್ಲಿ ಅಕ್ಷರಗಳ ಹಾಳೆಯನ್ನಿರಿಸಿ, ವಿದ್ಯುತ್ತಿನ ಕಿಡಿಯಿಂದ ಅದನ್ನು ಕ್ಷಣಮಾತ್ರ ಬೆಳಗಿಸಿ ನೋಡಿದನು. ಅಷ್ಟು ಹೊತ್ತಿನಲ್ಲಿ ಕಣ್ಣು ಅತ್ತಿತ್ತ ಚಲಿಸಲು ಅವಕಾಶವೇ ಇಲ್ಲ. ಆದರೂ ಕಣ್ಣನ್ನು ಒಂದು ಬಿಂದುವಿನಲ್ಲಿ ನೆಟ್ಟು, ಮನಸ್ಸನ್ನು ಮಾತ್ರ ಹಾಳೆಯ ಬೇರೊಂದು ಭಾಗಕ್ಕೆ ಮೊದಲೇ ಕಳುಹಿಸಿದ್ದರೆ, ಆ ಭಾಗದ ಅಕ್ಷರಗಳು ತಿಳಿಯುತ್ತಿದ್ದುವು, ಉಳಿದುವು ತಿಳಿಯುತ್ತಿರಲಿಲ್ಲ. ಪ್ರಶಸ್ತಪಾದರ ಮಿಂಚಿನ ದೃಷ್ಟಾಂತವನ್ನು ಇದಕ್ಕಿಂತ ಸಮೀಪವಾಗಿ ಪ್ರಯೋಗಕ್ಕೆ ತಂದುದು ಮತ್ತೊಂದು ಇರಲಾರದು. ದೃಷ್ಟಿಯ ಅವಧಾನವೆಂದರೆ ಕಣ್ಣುಗುಡ್ಡೆಯ ಚಲನವಲ್ಲವೆಂಬುದೂ ಇದರಿಂದಲೇ ಸಿದ್ಧವಾಯಿತು.

೧೯೬೦ರಲ್ಲಿ ಸ್ಪರ್ಲಿಂಗ್ ಎಂಬ ಅಮೆರಿಕದ ವಿದ್ವಾಂಸನು ಮುಂದಿನ ಹೆಜ್ಜೆಯನ್ನಿಟ್ಟನು. ಸಾಲಿಗೆ ನಾಲ್ಕರಂತೆ ಮೂರು ಸಾಲುಗಳಲ್ಲಿ ಹನ್ನೆರಡು ಅಕ್ಷರಗಳನ್ನು ಒಂದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಷ್ಟು ಹೊತ್ತು ತೋರಿಸಿ ಮರೆಮಾಡಿದನು. ಎಲ್ಲವನ್ನೂ ಹೇಳಿರೆಂದರೆ ಜನರು ನಾಲ್ಕೈದನ್ನು ಮಾತ್ರ ಹೇಳುತ್ತಿದ್ದರು. ಬಳಿಕ ಅವನು ಅಕ್ಷರಗಳು ಮರೆಯಾದೊಡನೆಯೇ ಒಂದು ನಾದವನ್ನು ಕೇಳಿಸಿದನು. ತಾರಸ್ವರವಾದರೆ ಮೇಲಿನ ಸಾಲು, ಮಧ್ಯಮವಾದರೆ ನಡುವಣದು, ಮಂದ್ರವಾದರೆ ಕೆಳಗಿನದನ್ನು ಹೇಳಬೇಕೆಂಬುದು ಸಂಕೇತ. ಆಗ ಯಾವ ಸಾಲನ್ನು ಕೇಳಿದರೂ ಅದರ ನಾಲ್ಕರಲ್ಲಿ ಸುಮಾರು ಮೂರನ್ನು ಹೇಳಬಲ್ಲವರಾದರು. ಯಾವ ಸಾಲನ್ನು ಕೇಳುವರೆಂಬುದು ಮೊದಲೇ ತಿಳಿಯದುದರಿಂದ, ಆ ಕ್ಷಣದಲ್ಲಿ ಮನಸ್ಸಿನ ಮುಂದೆ ಒಂಬತ್ತರಷ್ಟು ಅಕ್ಷರಗಳು ಇದ್ದೇ ಇದ್ದುವೆಂದು ಹೇಳಬೇಕಾಯಿತು. ನಾದವನ್ನು ಒಂದು ಸೆಕೆಂಡು ತಡಮಾಡಿದರೆ ಈ ಲಾಭವು ಬಹುಮಟ್ಟಿಗೆ ಇಲ್ಲವಾಗುತ್ತಿತ್ತು. ಕಂಡದ್ದು ಬಹಳ, ಉಳಿಯುವುದು ಸ್ವಲ್ಪ. ಆ ಸ್ವಲ್ಪವು ಯಾವುದಾಗಬೇಕೆಂಬುದನ್ನು ಅವಧಾನವು ಆರಿಸುವುದು.

ಉಳಿಯುವ ಸ್ವಲ್ಪವು ಎಷ್ಟು? ೧೯೯೭ರಲ್ಲಿ ಲಕ್ ಮತ್ತು ವೋಗೆಲ್ ಎಂಬುವರು ಬಣ್ಣದ ಚೌಕಗಳಿಂದ ಇದನ್ನು ಅಳೆದರು. ಅದರ ಬಗೆಯನ್ನು ನಮ್ಮ ತಾಲ್ಲೂಕಿನ ಉಪಾಧ್ಯಾಯರು ಚನ್ನಪಟ್ಟಣದ ಅರಗಿನ ಬೊಂಬೆಗಳಿಂದಲೇ ತೋರಿಸಬಹುದು. ಹಲಗೆಯ ಮೇಲೆ ಕೆಂಪು, ಹಳದಿ, ಹಸಿರು ಎಂದು ಮೂರು ಬೊಂಬೆಗಳನ್ನು ಕ್ಷಣಮಾತ್ರ ತೋರಿಸಿ ಬಟ್ಟೆಯಿಂದ ಮುಚ್ಚಿ, ಒಂದನ್ನು ಬೇರೆ ಬಣ್ಣದ್ದಕ್ಕೆ ಬದಲಾಯಿಸಿ ಮತ್ತೆ ತೆರೆದರೆ, ಬಹುಮಂದಿ ಮಕ್ಕಳು ಬದಲಾದುದನ್ನು ಹೇಳಬಲ್ಲರು. ಎಂಟು ಬೊಂಬೆಗಳಾದರೆ ತಡವರಿಸುವರು. ಮೂರು ನಾಲ್ಕರವರೆಗೆ ತಪ್ಪು ವಿರಳ, ಅದರಿಂದಾಚೆಗೆ ತಪ್ಪು ಏರುತ್ತ ಹೋಗುವುದೆಂಬುದೇ ಆ ಪ್ರಯೋಗದ ಫಲ.

ಇನ್ನು ಪ್ರಕೃತಕ್ಕೆ ಮುಖ್ಯವಾದ ಪ್ರಯೋಗ. ೨೦೦೩ರಲ್ಲಿ ಗ್ರಿಫಿನ್ ಮತ್ತು ನೋಬ್ರೆ ಎಂಬುವರು ನಾಲ್ಕು ಬಣ್ಣದ ಚಿಹ್ನೆಗಳನ್ನು ನಾಲ್ಕು ಸ್ಥಾನಗಳಲ್ಲಿ ತೋರಿಸಿದರು. ಕೆಲವು ಸಲ, ತೋರಿಸುವುದಕ್ಕೆ ಮೊದಲೇ, ಯಾವ ಸ್ಥಾನವನ್ನು ಗಮನಿಸಬೇಕೆಂದು ಬಾಣದ ಗುರುತಿನಿಂದ ಸೂಚಿಸಿದರು. ಮತ್ತೆ ಕೆಲವು ಸಲ, ಚಿಹ್ನೆಗಳು ಮರೆಯಾಗಿ ಒಂದು ಸೆಕೆಂಡಿಗಿಂತ ಹೆಚ್ಚು ಕಾಲ ಕಳೆದ ಮೇಲೆ ಬಾಣವನ್ನು ತೋರಿಸಿದರು. ಆಗ ನೋಡಲು ಅಲ್ಲಿ ಏನೂ ಇಲ್ಲ. ಸ್ಪರ್ಲಿಂಗನು ಕಂಡ ಕ್ಷಣಿಕವಾದ ಬಿಂಬವೂ ಅಳಿದಿರುವುದು. ಆದರೂ ಬರಿದಾದ ಸ್ಥಾನದ ಕಡೆಗೆ ಮನಸ್ಸನ್ನು ತಿರುಗಿಸಿದ ಮಾತ್ರದಿಂದ, ಆ ಸ್ಥಾನದಲ್ಲಿದ್ದ ವಸ್ತುವಿನ ಸ್ಮರಣೆಯು ಹೆಚ್ಚು ಖಚಿತವಾಯಿತು. ಬಾಣವು ತಪ್ಪುಸ್ಥಾನವನ್ನು ಸೂಚಿಸಿದಾಗ ಸ್ಮರಣೆಯು ಕುಂದಿತು. ಅದೇ ವರ್ಷ ಲ್ಯಾಂಡ್‌ಮನ್ ಮತ್ತು ಅವರ ಸಹೋದ್ಯೋಗಿಗಳೂ ಇಂತಹದೇ ಫಲವನ್ನು ಪ್ರಕಟಿಸಿದರು.

ಆದುದರಿಂದ ಹೊರಬರುವ ಬಾಗಿಲಿನಲ್ಲಿಯೂ ಅವಧಾನವು ಕುಳಿತಿರುವುದೆಂಬುದು ಪ್ರಯೋಗಸಿದ್ಧವಾಯಿತು. ಮನಸ್ಸಿನಲ್ಲಿ ಹಿಡಿದ ವಸ್ತುಗಳು ಪೆಟ್ಟಿಗೆಯೊಳಗಿನ ನಾಣ್ಯಗಳಂತೆ ಸಮವಾಗಿ ಬಿದ್ದಿರುವುದಿಲ್ಲ. ಯಾವುದರ ಮೇಲೆ ಒಳಗಣ ನೋಟವು ನಿಂತಿದೆಯೋ ಅದು ಕೈಗೆ ಸಮೀಪದಲ್ಲಿಯೂ, ಉಳಿದುವು ದೂರದಲ್ಲಿಯೂ ಇರುವುವು. ಇಷ್ಟಲ್ಲದೆ, ೨೦೧೪ರಲ್ಲಿ ಸ್ವೀಡನ್ ದೇಶದ ಯೋಹಾನ್‌ಸನ್ ದ್ವಯರು ಪ್ರಕಟಿಸಿದಂತೆ, ವಸ್ತುವು ಮೊದಲಿದ್ದ ಬರಿಯ ಸ್ಥಾನವನ್ನು ನೋಡುತ್ತ ನೆನೆಯುವುದು ಬೇರೆಡೆ ನೋಡುತ್ತ ನೆನೆಯುವುದಕ್ಕಿಂತ ಸುಗಮ. ಮರೆತುದನ್ನು ನೆನೆಯುವಾಗ ಪುಟದ ‘ಎಡಮಗ್ಗುಲಲ್ಲಿ ಕೆಳಗಡೆ ಇತ್ತು’ ಎಂದು ವಿದ್ಯಾರ್ಥಿಯ ಕಣ್ಣು ಆ ಕಡೆಗೇ ಹೊರಳುವುದು ವ್ಯರ್ಥಚೇಷ್ಟೆಯಲ್ಲವೆಂದು ಇದರಿಂದ ತಿಳಿಯತಕ್ಕದ್ದು.

೪. ಅವಧಾನಕಲೆಯಲ್ಲಿ ಸಮನ್ವಯ

ಕನ್ನಡದಲ್ಲಿ ಈ ಕಲೆಯನ್ನು ಈಚೆಗೆ ಪುನಃ ಪ್ರತಿಷ್ಠಾಪಿಸಿದವರು ಶತಾವಧಾನಿ ರಾ. ಗಣೇಶರು, ‘ಕನ್ನಡದಲ್ಲಿ ಅವಧಾನಕಲೆ’ ಎಂಬ ಅವರ ಪ್ರಬಂಧವು ಈ ವಿಷಯದಲ್ಲಿ ಪ್ರಮಾಣಗ್ರಂಥವೆನಿಸಿದೆ. ೨೦೧೨ರಲ್ಲಿ ಬೆಂಗಳೂರಿನಲ್ಲಿ ಅವರು ಕನ್ನಡದಲ್ಲಿಯೇ ಶತಾವಧಾನವನ್ನು ನಡೆಸಿಕೊಟ್ಟರು. ನೆರೆಯ ತೆಲುಗಿನಲ್ಲಿ ತಿರುಪತಿ ವೆಂಕಟ ಕವಿಗಳ ಕಾಲದಿಂದ ಈ ಕಲೆಯು ಬಹು ಪ್ರಚಾರದಲ್ಲಿರುವುದು.

ಅಷ್ಟಾವಧಾನದ ಅಂಗಗಳಲ್ಲಿ ಎರಡು ನಮಗೆ ಇಲ್ಲಿ ಪ್ರಕೃತ. ಸಂಖ್ಯಾಬಂಧದಲ್ಲಿ ಪೃಚ್ಛಕನು ಸಾಮಾನ್ಯವಾಗಿ ಐದು ಸಾಲು ಐದು ಕಂಬಗಳ ಇಪ್ಪತ್ತೈದು ಮನೆಗಳ ಚೌಕವನ್ನು ಬರೆದುಕೊಂಡು, ಒಂದು ಮೊತ್ತವನ್ನು ಹೇಳಿ, ನಡುನಡುವೆ ತನಗೆ ತೋಚಿದಾಗ ಯಾವುದೋ ಒಂದು ಮನೆಯ ಸಂಖ್ಯೆಯನ್ನು ಕೇಳುವನು. ಕೊನೆಗೆ ಅಡ್ಡಲಾಗಿಯೂ, ನೀಟಾಗಿಯೂ, ಕರ್ಣವಾಗಿಯೂ ಕೂಡಿದರೆ ಆ ಮೊತ್ತವೇ ಬರಬೇಕು. ಅವಧಾನಿಯ ಕೈಯಲ್ಲಿ ಕಾಗದವಿಲ್ಲ. ಚೌಕವನ್ನು ತುಂಬುವ ಸೂತ್ರವು ಅವನಿಗೆ ತಿಳಿದಿರುವುದರಿಂದ ಇಪ್ಪತ್ತೈದು ಸಂಖ್ಯೆಗಳನ್ನೂ ಹೊರಬೇಕಾಗಿಲ್ಲ. ಕೇಳಿದ ಮನೆಯ ಮೇಲೆ ಒಳಗಣ ನೋಟವನ್ನು ನಿಲ್ಲಿಸಿ, ಆ ಸ್ಥಾನದಿಂದ ಸಂಖ್ಯೆಯನ್ನು ತೆಗೆದರೆ ಸಾಕು. ಬರಿದಾದ ಸ್ಥಾನಕ್ಕೆ ಬಾಣ ತೋರಿಸಿದ ಪ್ರಯೋಗಕ್ಕೂ ಇದಕ್ಕೂ ಇರುವ ಸಾಮ್ಯವನ್ನು ಸಹೃದಯರು ಗಮನಿಸಬೇಕು: ಇಲ್ಲಿ ಪೃಚ್ಛಕನ ಪ್ರಶ್ನೆಯೇ ಆ ಬಾಣ. ಚೌಕದ ಮನೆಗಳು ವಾತ್ಸ್ಯಾಯನರು ಹೇಳಿದ ಪರಿಚಿತವಸ್ತುಗಳ ಸ್ಥಾನದಲ್ಲಿರುವುವು.

ವ್ಯಸ್ತಾಕ್ಷರಿಯಲ್ಲಿ ಒಂದು ವಾಕ್ಯದ ಅಕ್ಷರಗಳನ್ನು ಕ್ರಮತಪ್ಪಿಸಿ, ‘ಹನ್ನೊಂದನೆಯದು ಇಂತಹುದು, ಮೂರನೆಯದು ಇಂತಹುದು’ ಎಂದು ಬೇರೆ ಬೇರೆ ಸಮಯಗಳಲ್ಲಿ ಕೊಡುವರು; ಕೊನೆಯಲ್ಲಿ ಅವಧಾನಿಯು ಇಡಿಯ ವಾಕ್ಯವನ್ನು ಕ್ರಮವಾಗಿ ಹೇಳಬೇಕು. ಕಿವಿಯಿಂದ ಬಂದ ಅಕ್ಷರಗಳನ್ನು ಬಂದ ಕ್ರಮದಲ್ಲಿಯೇ ಆವರ್ತಿಸುತ್ತಿದ್ದರೆ ಇದು ಸಿದ್ಧಿಸದು, ಏಕೆಂದರೆ ಬಂದ ಕ್ರಮವೇ ತಪ್ಪುಕ್ರಮ. ಅಕ್ಷರವನ್ನು ಅದರ ಸ್ಥಾನದಲ್ಲಿಯೇ ಕೂರಿಸಬೇಕು. ಹೀಗೆ ಶ್ರವಣದಿಂದ ಬಂದುದನ್ನೂ ಸ್ಥಾನದೃಷ್ಟಿಯಿಂದ ಹಿಡಿಯುವುದು ಇಲ್ಲಿಯ ಮರ್ಮ.

ಎಂಟು ಮಂದಿಯ ಕಡೆಗೆ ಒಮ್ಮೆಗೇ ಅವಧಾನವು ಹರಿಯುವುದೆಂಬ ಜನರ ಮಾತು ಕಮಲದಳಗಳ ದೃಷ್ಟಾಂತದಂತೆ ಶೀಘ್ರಕ್ರಮದ ಭ್ರಾಂತಿಯೇ. ಅವಧಾನಿಯು ಒಬ್ಬ ಪೃಚ್ಛಕನಿಗೆ ಒಂದು ಪಾದವನ್ನು ಹೇಳಿ ಅದನ್ನು ಸಂಪೂರ್ಣವಾಗಿ ಬಿಟ್ಟು, ಮತ್ತೊಬ್ಬನ ಕಡೆಗೆ ಸಂಪೂರ್ಣವಾಗಿ ತಿರುಗುವನು. ಸುತ್ತು ಮರಳಿದಾಗ ಬಿಟ್ಟ ಸ್ಥಳಕ್ಕೇ ಹಿಂತಿರುಗುವನು. ಬಿಡುವುದೂ ಮರಳುವುದೂ ಎರಡೂ ಅವಧಾನದ ಕಾರ್ಯಗಳೇ. ಹೆಸರು ಅನ್ವರ್ಥವಾಗಿದೆ.

೫. ಲಿಪಿಕಾರನ ಕಣ್ಣು

ಬಿಡುವುದು ಮತ್ತು ಮರಳುವುದು ಎಂಬ ಈ ವ್ಯಾಪಾರವನ್ನೇ, ಸಭೆಯ ಗೌರವವಿಲ್ಲದೆ, ದಿನವೆಲ್ಲ ನಡೆಸಿದವನು ಓಲೆಯ ಲಿಪಿಕಾರ. ಅವನು ಮೂಲವನ್ನು ನೋಡುವನು, ಕೆಲವು ಅಕ್ಷರಗಳನ್ನು ಮನಸ್ಸಿನಲ್ಲಿ ಹಿಡಿಯುವನು, ತನ್ನ ಓಲೆಯಲ್ಲಿ ಕೊರೆಯುವನು, ಮತ್ತೆ ಮೂಲದಲ್ಲಿ ಬಿಟ್ಟ ಸ್ಥಳಕ್ಕೆ ಮರಳುವನು. ಪದಗಳ ನಡುವೆ ಎಡೆಯಿಲ್ಲದೆ ಒತ್ತಾಗಿ ಬರೆದ ಓಲೆಯಲ್ಲಿ ಬಿಟ್ಟ ಸ್ಥಳವನ್ನು ಕಂಡುಹಿಡಿಯುವುದು ಸುಲಭವಲ್ಲ. ಈ ನಾಲ್ಕು ಹೆಜ್ಜೆಗಳನ್ನು ಗಮನದಲ್ಲಿಟ್ಟುಕೊಂಡರೆ ಪಾಠಾಂತರಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದೆಂದು ತೋರುವುದು.

ಮೊದಲನೆಯದು ದರ್ಶನದೋಷ: ಪಕಾರವನ್ನು ವಕಾರವೆಂದೂ, ಧಕಾರವನ್ನು ದಕಾರವೆಂದೂ ಕಾಣುವುದು. ಎರಡನೆಯದು ಧಾರಣದೋಷ: ಕಣ್ಣು ಸರಿಯಾಗಿ ಕಂಡಿದ್ದರೂ, ಹಿಡಿದ ಹೊರೆಯು ಹೆಚ್ಚಾಗಿ, ಬರೆಯುವ ಹೊತ್ತಿಗೆ ಪದಗಳು ಹಿಂದುಮುಂದಾಗುವುದು, ಅಥವಾ ಅರ್ಥವು ಉಳಿದು ಶಬ್ದವು ಜಾರಿ ಸಮಾನಾರ್ಥಕವಾದ ಬೇರೊಂದು ಬಂದು ಕೂಡುವುದು. ಮೂರನೆಯದು ಪ್ರತ್ಯಾವರ್ತನದೋಷ: ಮೂಲಕ್ಕೆ ಮರಳುವ ಕಣ್ಣು, ಬಿಟ್ಟ ಪದದಂತೆಯೇ ಇರುವ ಮತ್ತೊಂದು ಪದದ ಮೇಲೆ ಇಳಿಯುವುದು. ಮುಂದಿನದರ ಮೇಲೆ ಇಳಿದರೆ ನಡುವಣ ಭಾಗವು ಲೋಪವಾಗುವುದು. ಹಿಂದಿನದರ ಮೇಲೆ ಇಳಿದರೆ ಅದೇ ಭಾಗವು ಎರಡುಸಲ ಬರುವುದು.

ಈ ವಿಭಾಗದಿಂದ ಸಂಪಾದಕರಿಗೆ ಏನು ಪ್ರಯೋಜನವೆಂದರೆ, ದೋಷದ ಜಾತಿಯು ತಿಳಿದರೆ ಚಿಕಿತ್ಸೆಯೂ ತಿಳಿಯುವುದು. ಒಂದು ಪ್ರತಿಯಲ್ಲಿ ಕೆಲವು ವಾಕ್ಯಗಳಿಲ್ಲದಿದ್ದರೆ, ಅವು ಪ್ರಕ್ಷಿಪ್ತವಾದುದರಿಂದ ಆ ಪ್ರತಿಯಲ್ಲಿಲ್ಲವೆಂದು ಊಹಿಸುವುದಕ್ಕೆ ಮೊದಲು, ಬಿಟ್ಟ ಭಾಗದ ಆದಿಯಲ್ಲಿಯೂ ಅಂತ್ಯದಲ್ಲಿಯೂ ಒಂದೇ ಪದವಿದೆಯೇ ಎಂದು ಪರೀಕ್ಷಿಸಬೇಕು. ಇದ್ದರೆ, ಅದು ಕಣ್ಣು ಹಾರಿದ ಲೋಪವಾಗಿರುವ ಸಂಭವವೇ ಹೆಚ್ಚು. ಕವಿಯ ವಾಕ್ಯವನ್ನು ಕವಿಗೆ ತಪ್ಪಿಸುವ ಅಪರಾಧದಿಂದ ನಾವು ಪಾರಾಗುವೆವು. ಪದ್ಯದಲ್ಲಿ ಒಂದು ಪಾದವು ಹಾರಿದರೆ ಛಂದಸ್ಸು ಕೂಡಲೆ ಸಾರುವುದು. ಕನ್ನಡದ ದ್ವಿತೀಯಾಕ್ಷರಪ್ರಾಸವು ಮತ್ತೊಂದು ಕಾವಲು. ವಡ್ಡಾರಾಧನೆಯಂತಹ ಗದ್ಯಕ್ಕೆ ಈ ಕಾವಲು ಇಲ್ಲ. ಒಂದೇ ಬಗೆಯ ಕ್ರಿಯಾಪದಗಳೂ ‘ಎಂದು’ ಎಂಬಂತಹ ಅವ್ಯಯಗಳೂ ಪದೇ ಪದೇ ಬರುವುದರಿಂದ ಕಣ್ಣು ಜಾರುವ ಎಡೆಗಳು ಗದ್ಯದಲ್ಲಿಯೇ ಹೆಚ್ಚು. ಆದಕಾರಣ ಗದ್ಯಕೃತಿಗಳ ಪಾಠಪರಿಷ್ಕರಣದಲ್ಲಿ ಪ್ರತ್ಯಾವರ್ತನದೋಷವನ್ನು ವಿಶೇಷವಾಗಿ ಹುಡುಕತಕ್ಕದ್ದು.

೬. ಆಶಂಕೆ ಮತ್ತು ಸಮಾಧಾನ

ಇಲ್ಲಿ ಕೆಲವರು ಆಶಂಕಿಸಬಹುದು: ವೇದವು ಶ್ರುತಿಪರಂಪರೆಯಿಂದಲೇ ಉಳಿದುಬಂದಿತು, ಅಧ್ಯಯನಮಾಡುವ ವಟುವಿಗೆ ನೋಡಲು ಪುಸ್ತಕವೇ ಇರಲಿಲ್ಲ. ಕಣ್ಣಿಲ್ಲದವರಲ್ಲಿಯೂ ಧಾರಣಶಕ್ತಿಯು ಅಸಾಧಾರಣವಾಗಿರುವುದುಂಟು. ಹೀಗಿರಲು ದೃಷ್ಟಿಗೆ ಇಷ್ಟು ಪ್ರಾಧಾನ್ಯವೇಕೆ?

ಸಮಾಧಾನವಿದು. ಅವಧಾನವು ಎಲ್ಲ ಇಂದ್ರಿಯಗಳಿಗೂ ಸಾಧಾರಣ. ದೃಷ್ಟಿಯ ಅವಧಾನವು ಅದರ ಒಂದು ಭೇದ. ಅನುಕ್ರಮವಾಗಿ ಬರುವುದನ್ನು ಅನುಕ್ರಮವಾಗಿಯೇ ಉಳಿಸುವುದರಲ್ಲಿ ಶ್ರವಣವು ಬಲಿಷ್ಠ; ವೇದದ ಪದ ಕ್ರಮ ಜಟಾ ಘನ ಪಾಠಗಳು ಆ ಬಲವನ್ನೇ ಆಶ್ರಯಿಸಿರುವುವು. ಆದರೆ ಯಾವ ಕ್ರಮದಲ್ಲಿ ಬೇಕಾದರೂ, ಯಾವುದನ್ನು ಬೇಕಾದರೂ ಹೊರತೆಗೆಯಬೇಕಾದಾಗ ಸ್ಥಾನಾವಧಾನವೇ ಉಪಕಾರಕ. ಅಂಧರೂ ಸ್ಪರ್ಶದಿಂದ ತಿಳಿದ ಸ್ಥಾನಗಳನ್ನು ಮನಸ್ಸಿನಲ್ಲಿ ಹರಡಿಕೊಳ್ಳಬಲ್ಲರು. ಅದರಿಂದ ಬೇಕಾದುದು ಹೊರಗಣ ಕಣ್ಣಲ್ಲ, ಸ್ಥಾನವನ್ನು ಗ್ರಹಿಸುವ ಒಳಗಣ ನೋಟವೆಂಬುದೇ ದೃಢವಾಗುವುದು.

ಅವಧಾನವೊಂದಿದ್ದರೆ ಎಷ್ಟನ್ನಾದರೂ ಹಿಡಿಯಬಹುದೆಂದೂ ಭ್ರಮಿಸಬಾರದು. ನಾಲ್ಕರ ಸುಮಾರಿನ ಮಿತಿಯನ್ನು ಅವಧಾನವು ಅಳಿಸುವುದಿಲ್ಲ. ಆ ನಾಲ್ಕರಲ್ಲಿ ಯಾವುದು ಇರಬೇಕು, ಯಾವುದು ಮೊದಲು ಕೈಗೆ ಬರಬೇಕು ಎಂಬುದನ್ನು ನಿಯಮಿಸುವುದು ಮಾತ್ರ ಅದರ ಅಧಿಕಾರ. ಅವಧಾನಿಯ ಹೊರೆಯು ಹಗುರವಾಗುವುದು ದೀರ್ಘಾಭ್ಯಾಸದಿಂದ ಬಂದ ಛಂದಸ್ಸು, ಸೂತ್ರ, ಪದಸಂಪತ್ತುಗಳ ಬೆಂಬಲದಿಂದ.

೭. ಉಪಾಧ್ಯಾಯರಿಗೆ

ಪಾಠಶಾಲೆಯಲ್ಲಿ ಕರಿಹಲಗೆಯಿಂದ ಪದ್ಯವನ್ನು ಬರೆದುಕೊಳ್ಳುವ ಬಾಲಕನು ಲಿಪಿಕಾರನ ನಾಲ್ಕು ಹೆಜ್ಜೆಗಳನ್ನೇ ಇಡುತ್ತಿರುವನು. ಅವನು ಸಾಲನ್ನು ಬಿಟ್ಟರೆ ‘ಇವನಿಗೆ ಜ್ಞಾಪಕವಿಲ್ಲ’ ಎಂದು ತೀರ್ಪುಕೊಡುವುದು ಲೋಕರೂಢಿ. ಆ ತೀರ್ಪು ಒಮ್ಮೆ ಅಂಟಿದರೆ ಬಾಲಕನು ತಾನೂ ಅದನ್ನು ನಂಬುವನು. ಕಲಿಕೆಯಲ್ಲಿ ಇದಕ್ಕಿಂತ ದೊಡ್ಡ ಹಾನಿಯಿಲ್ಲ. ಸಾಲನ್ನು ಬಿಟ್ಟಿದ್ದರೆ ಅವನು ಮರಳುವ ಸ್ಥಳವನ್ನು ತಪ್ಪಿರಬಹುದು. ಸಾಲಿಗೆ ಅಂಕೆಯನ್ನು ಹಾಕಿದರೆ ಸರಿಹೋಗುವುದು. ಪದಗಳು ಹಿಂದುಮುಂದಾದರೆ ಒಮ್ಮೆಗೆ ಹಿಡಿದ ಹೊರೆಯು ಹೆಚ್ಚಾಗಿರಬಹುದು. ಪಾದವನ್ನು ಗಣಗಣವಾಗಿ ಬಿಡಿಸಿ ತೋರಿಸಬೇಕು. ಅಕ್ಷರವೇ ತಪ್ಪಾದರೆ ಕಣ್ಣನ್ನು ವೈದ್ಯರಿಗೆ ತೋರಿಸಬೇಕಾಗಬಹುದು. ಮೂರಕ್ಕೂ ಬೆತ್ತವು ಔಷಧವಲ್ಲ.

ಪದ್ಯವನ್ನು ವಿವರಿಸುವಾಗ ಯಾವ ಪದವನ್ನು ಹೇಳುತ್ತಿರುವರೋ ಆ ಪದದ ಮೇಲೆಯೇ ಉಪಾಧ್ಯಾಯರು ಕಡ್ಡಿಯನ್ನಿಡಬೇಕು. ಹಲಗೆಯನ್ನು ಒರಸಿದ ಮೇಲೆಯೂ, ಪದವಿದ್ದ ಬರಿಯ ಸ್ಥಳವನ್ನು ತೋರಿಸಿ ಕೇಳಿದರೆ ಹುಡುಗರಿಗೆ ಅದು ಬೇಗನೆ ನೆನಪಾಗುವುದು. ಇದು ಖರ್ಚಿಲ್ಲದ ಉಪಾಯ. ಪಾಠದ ನಡುವೆ ಕಣ್ಣನ್ನು ಸೆಳೆಯುವ ಬೇರೆ ಚಿತ್ರಗಳೂ ಬಣ್ಣಗಳೂ ಹಲಗೆಯ ಬಳಿ ಇಲ್ಲದಿರುವುದು ಒಳ್ಳೆಯದು; ಹಿಡಿಯಬಲ್ಲ ನಾಲ್ಕೇ ಸ್ಥಾನಗಳಲ್ಲಿ ಒಂದನ್ನು ಅವು ವ್ಯರ್ಥವಾಗಿ ಆಕ್ರಮಿಸುವುವು.

ಸಾರಾಂಶವಿಷ್ಟು. ಧಾರಣವು ಅವಧಾನದ ಫಲ. ಕಾಣುವಾಗ ಮನಸ್ಸು ಕಣ್ಣಿನಲ್ಲಿದ್ದರೆ ವಸ್ತುವು ಒಳಗೆ ನಿಲ್ಲುವುದು; ನೆನೆಯುವಾಗ ಮನಸ್ಸು ಅದರ ಸ್ಥಾನಕ್ಕೆ ಮರಳಿದರೆ ಹೊರಗೆ ಬರುವುದು. ಇವೆರಡರಲ್ಲಿ ಒಂದು ತಪ್ಪಿದ ಕಡೆಯಲ್ಲಿ ನಾವು ಶಕ್ತಿಯ ಅಭಾವವನ್ನು ಕಲ್ಪಿಸುತ್ತಿರುವೆವು. ಶಕ್ತಿಯನ್ನು ಹೊಸದಾಗಿ ಉಂಟುಮಾಡುವುದು ಉಪಾಧ್ಯಾಯರ ಕೈಯಲ್ಲಿಲ್ಲ. ನೋಟವನ್ನು ನಿಲ್ಲಿಸಬೇಕಾದ ಎಡೆಯನ್ನು ತೋರಿಸಿಕೊಡುವುದು ಅವರ ಕೈಯಲ್ಲಿದೆ.